ತವರ ಬೇರೆ, ಸೀಸ ಬೇರೆ

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ ಮಾರುವ ಯಾವ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೂ ಒಂದು ಮಾತು ಕಿವಿಗೆ ಬೀಳುತ್ತದೆ: "ಅಣ್ಣ, ಐವತ್ತು ಗ್ರಾಂ ಲೆಡ್ ಕೊಡಿ, ಒಂದು ಡಬ್ಬಿ ಪೇಸ್ಟ್ ಕೊಡಿ." ಕೇಳುವವರು ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ಹುಡುಗರಿರಬಹುದು, ಮಿಕ್ಸಿ ರಿಪೇರಿಯವರಿರಬಹುದು, ಹಳ್ಳಿಯಿಂದ ಬಂದ ಪಂಪ್‌ಸೆಟ್ ಮೆಕ್ಯಾನಿಕ್ ಇರಬಹುದು. ಅಂಗಡಿಯವರು ಬೆಳ್ಳಿಯ ಹೊಳಪಿನ ತಂತಿ ಸುತ್ತಿದ ಸಣ್ಣ ಸುರುಳಿಯೊಂದನ್ನು ಮುಂದಿಡುತ್ತಾರೆ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ 60/40 ಎಂದು ಬರೆದಿರುತ್ತದೆ. ನೂರು ಗ್ರಾಂ ತಂತಿಯಲ್ಲಿ 60 ಗ್ರಾಂ ತವರ, 40 ಗ್ರಾಂ ಸೀಸ ಎಂದು ಅದರ ಅರ್ಥ. ಲೆಡ್ ಎಂದರೆ ಸೀಸ. ಹೆಚ್ಚು ಪಾಲು ತವರದ್ದು, ಹೆಸರು ಮಾತ್ರ ಸೀಸದ್ದು.

ಹೆಸರಲ್ಲೇನಿದೆ ಎಂದು ತಳ್ಳಿಹಾಕುವ ವಿಷಯ ಇದಲ್ಲ. ಈ ಎರಡು ಲೋಹಗಳಲ್ಲಿ ಒಂದನ್ನು ನಾವು ಅಡುಗೆ ಪಾತ್ರೆಯ ಒಳಮೈಗೆ ಬಳಿಸಿ ಅದರಲ್ಲೇ ಹುಳಿ ಕುದಿಸಿ ಉಣ್ಣಬಹುದು. ಇನ್ನೊಂದು ಮಗುವಿನ ಹೊಟ್ಟೆಗೆ ಹೋದರೆ ಅದರ ಮೆದುಳಿಗೇ ಕುತ್ತು. ನೋಡಲು ಎರಡೂ ಹೆಚ್ಚುಕಡಿಮೆ ಒಂದೇ. ಎರಡೂ ಮೆತ್ತಗಿರುತ್ತವೆ, ಎರಡೂ ಸಣ್ಣ ಬೆಂಕಿಗೆ ಕರಗುತ್ತವೆ, ಕರಗಿದಾಗ ಪಾದರಸದಂತೆ ಫಳಫಳ ಹೊಳೆಯುತ್ತವೆ. ಬೆಲೆಯಲ್ಲಿ ಮಾತ್ರ ಅಜಗಜಾಂತರ. ತವರಕ್ಕೆ ಸೀಸದ ಹತ್ತು ಪಟ್ಟಿಗಿಂತ ಹೆಚ್ಚು ದರ. ಇಂಥ ಜೋಡಿ ಎಲ್ಲಿದ್ದರೂ ಕಲಬೆರಕೆ ಹಿಂದೆಯೇ ಬರುತ್ತದೆ.

ನನ್ನ ಅಜ್ಜಿಗೆ ಇದು ಗೊತ್ತಿತ್ತು. ಸುಗ್ಗಿ ಮುಗಿದು ಮದುವೆಗಳ ಕಾಲ ಶುರುವಾಗುವ ಹೊತ್ತಿಗೆ ನಮ್ಮೂರಿನ ಅರಳಿಕಟ್ಟೆಯ ಹತ್ತಿರ, ಪಾತ್ರೆಗಳ ಒಳಮೈಗೆ ತವರ ಬಳಿಯುವ ಕಲಾಯಿ ಸಾಬರು ಬಂದು ಕೂರುತ್ತಿದ್ದರು. ನೆಲದಲ್ಲಿ ಒಂದು ಗುಳಿ ತೋಡಿ, ಚರ್ಮದ ತಿದಿಯ ಮೂತಿಯನ್ನು ಅದರೊಳಕ್ಕೆ ಇಳಿಸಿ, ಇದ್ದಿಲು ತುಂಬಿ ಕಿಡಿ ಹಾಕಿದರೆ ಅವರ ಕಾರ್ಖಾನೆ ತಯಾರು. ಮನೆಮನೆಯಿಂದ ಕೊಳದಪ್ಪಲೆ, ಬೋಗುಣಿ, ಹಿತ್ತಾಳೆಯ ಸಾರಿನ ಪಾತ್ರೆಗಳು ಹೊರಬರುತ್ತಿದ್ದವು. ಅಜ್ಜಿ ತನ್ನ ಪಾತ್ರೆಗಳನ್ನು ಕೆಳಗಿಡುವ ಮೊದಲು ಒಂದೇ ಮಾತು ಹೇಳುತ್ತಿದ್ದಳು: "ಸಾಬರೇ, ಕಡ್ಡಿ ಬಗ್ಗಿಸಿ, ಕೇಳಾನ." ಸಾಬರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ. ಚೀಲದಿಂದ ಬೆರಳುಗಾತ್ರದ ತವರದ ಕಡ್ಡಿ ತೆಗೆದು, ಅಜ್ಜಿಯ ಕಿವಿಯ ಹತ್ತಿರ ಹಿಡಿದು, ಎರಡೂ ಕೈಯಲ್ಲಿ ಮೆಲ್ಲಗೆ ಬಾಗಿಸುತ್ತಿದ್ದರು. ಕಿರ್ರ್ ಎಂದು ಸದ್ದು ಬರುತ್ತಿತ್ತು, ಒಣಗಿದ ತೆಂಗಿನ ಗರಿ ತುಳಿದ ಹಾಗೆ. "ಕೇಳ್ರಮ್ಮ, ಅಸಲಿ ಮಾಲು." ಅಜ್ಜಿ ತಲೆಯಾಡಿಸಿದ ಮೇಲೆಯೇ ತಿದಿ ಒತ್ತುವ ಕೆಲಸ.

ಆ ಸದ್ದು ಪವಾಡವಲ್ಲ. ಗಟ್ಟಿ ತವರದ ಒಳಗೆ ಹರಳುಗಳು ಒಂದಕ್ಕೊಂದು ಒತ್ತಿಕೊಂಡು ಕೂತಿರುತ್ತವೆ. ಕಡ್ಡಿ ಬಾಗಿದಾಗ ಅವುಗಳ ಜೋಡಣೆ ಥಟ್ಟನೆ ಮಗ್ಗುಲು ಬದಲಿಸುತ್ತದೆ, ಸಾವಿರಾರು ಕಡೆ ಒಟ್ಟಿಗೆ. ಅದೇ ಕಿರುಗುಟ್ಟುವಿಕೆ. ಲೋಹ ವಿಜ್ಞಾನಿಗಳು ಇದನ್ನು ತವರದ ಅಳು ಎನ್ನುತ್ತಾರೆ. ಸೀಸದ ಕಡ್ಡಿಯನ್ನು ಎಷ್ಟು ಬಗ್ಗಿಸಿದರೂ ಅದು ಮೂಕ. ಸೀಸ ಧಾರಾಳವಾಗಿ ಬೆರೆತ ಕಡ್ಡಿಯ ದನಿಯೂ ಅಡಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿ ಲೋಹದ ಹರಳುಗಳನ್ನು ಕಿವಿಯಿಂದ ಪರೀಕ್ಷೆ ಮಾಡುತ್ತಿದ್ದಳು ಎಂದು ತಿಳಿಯಲು ನನಗೆ ಕಾಲೇಜು ಮುಗಿಯಬೇಕಾಯಿತು.

ಇನ್ನು ಕೆಲಸದ ಚಂದ. ಸಾಬರ ಮಗ ಪಾತ್ರೆಯೊಳಗೆ ಮರಳು, ಹುಣಸೆಹಣ್ಣು ಹಾಕಿ, ಹಳೇ ಬಟ್ಟೆಯ ಮೇಲೆ ಬರಿಗಾಲಲ್ಲಿ ನಿಂತು, ಗೋಡೆ ಹಿಡಿದುಕೊಂಡು ಸೊಂಟ ತಿರುಗಿಸುತ್ತಾ ಉಜ್ಜುತ್ತಿದ್ದ. ಕಪ್ಪು ಹೋಗಿ ಒಳಗೆ ಹಳದಿ ಲೋಹ ಕಾಣುವವರೆಗೆ ಅವನಿಗೆ ಬಿಡುವಿಲ್ಲ. ಆಮೇಲೆ ಸಾಬರು ಪಾತ್ರೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುಗಿಸಿ ತಿರುಗಿಸಿ ಕಾಯಿಸುತ್ತಿದ್ದರು. ಹದ ಬಂದಾಗ ಒಂದು ಚಿಟಿಕೆ ನವಸಾಗರದ ಪುಡಿ. ಬಿಳಿ ಹೊಗೆ ಭುಗ್ಗನೆ ಏಳುತ್ತಿತ್ತು, ಕಣ್ಣಿಗೂ ಮೂಗಿಗೂ ಘಾಟು. ಆ ಹೊಗೆಯೊಳಗೇ ತವರದ ಕಡ್ಡಿಯನ್ನು ಕಾದ ಮೈಗೆ ಮುಟ್ಟಿಸಿದರೆ ತುದಿ ಕರಗಿ ಹನಿಯಾಗಿ ಇಳಿಯುತ್ತಿತ್ತು. ಹತ್ತಿಯ ಉಂಡೆಯಿಂದ ಒಂದು ಸುತ್ತು, ಎರಡು ಸುತ್ತು. ಹಳದಿ ಪಾತ್ರೆಯ ಒಳಗೆ ಹುಣ್ಣಿಮೆ ಹರಡಿದಂತೆ ಬೆಳ್ಳಗಾಗುತ್ತಿತ್ತು. ಕೂಡಲೇ ನೀರಿಗೆ ಅದ್ದಿದರೆ ಚುರ್ ಎಂದು ಸದ್ದು. ಮುಗಿಯಿತು.

ಕಲಾಯಿ ಏಕೆ ಬೇಕು ಎನ್ನುವುದನ್ನು ಕಿಲುಬು ಎಂಬ ಒಂದು ಪದ ಹೇಳುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿ ಹುಳಿಯನ್ನೋ ಮಜ್ಜಿಗೆಯನ್ನೋ ಇಟ್ಟರೆ ಅದು ತಾಮ್ರವನ್ನು ಕರಗಿಸಿಕೊಳ್ಳುತ್ತದೆ. ಬಾಯಿಗೆ ಒಗರು, ಹೊಟ್ಟೆಗೆ ತೊಳಸು, ಪಾತ್ರೆಯ ಅಂಚಿಗೆ ಹಸಿರು. ತವರ ಹುಣಸೆ, ನಿಂಬೆ, ಮೊಸರಿನ ಹುಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಲ್ಪಸ್ವಲ್ಪ ಕರಗಿ ಹೊಟ್ಟೆಗೆ ಹೋದರೂ ಅದರಲ್ಲಿ ಬಹುಪಾಲು ಮೈಗೆ ಹತ್ತದೆ ಹೊರಗೆ ಹೋಗುತ್ತದೆ. ನಮ್ಮ ದೇಶದಲ್ಲಿ 1955ರ ಆಹಾರ ಕಲಬೆರಕೆ ತಡೆ ನಿಯಮಗಳೇ ಸರಿಯಾಗಿ ಕಲಾಯಿ ಹಾಕದ ತಾಮ್ರ, ಹಿತ್ತಾಳೆ ಪಾತ್ರೆಗಳು ಆಹಾರಕ್ಕೆ ಯೋಗ್ಯವಲ್ಲ ಎಂದು ಬರೆದಿಟ್ಟಿದ್ದವು. ಅಜ್ಜಿಯಂಥವರ ತಿಳಿವಳಿಕೆ ಕಾನೂನಿನ ಪುಸ್ತಕಕ್ಕೂ ಸೇರಿತ್ತು.

ಈಗ ಎಸ್.ಪಿ. ರಸ್ತೆಯ ಸುರುಳಿಗೆ ಬರೋಣ. ಕಲಾಯಿ ಸಾಬರ ಗುಳಿಗೂ ಮೊಬೈಲ್ ರಿಪೇರಿಯವರ ಮೇಜಿಗೂ ದೂರವೇನಿಲ್ಲ. ಇಬ್ಬರದ್ದೂ ಒಂದೇ ವಿದ್ಯೆ. ತಾಮ್ರ ಗಾಳಿಗೆ ಒಡ್ಡಿಕೊಂಡ ಕ್ಷಣದಿಂದ ಅದರ ಮೇಲೆ ಆಕ್ಸೈಡಿನ ತೆಳು ಪೊರೆ ಕಟ್ಟುತ್ತದೆ. ಆ ಪೊರೆ ಇರುವವರೆಗೆ ತವರ ತಾಮ್ರವನ್ನು ಹಿಡಿಯುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ಉರುಳಿದಂತೆ ಉಂಡೆಯಾಗಿ ಉರುಳಿ ಹೋಗುತ್ತದೆ. ನವಸಾಗರ ಕಾದಾಗ ಒಡೆದು ಅಮೋನಿಯಾ ಮತ್ತು ಹೈಡ್ರೋಕ್ಲೋರಿಕ್ ಆಮ್ಲದ ಆವಿಯಾಗುತ್ತದೆ. ಆಮ್ಲ ಆ ಪೊರೆಯನ್ನು ತಿಂದು ಹಸಿ ತಾಮ್ರವನ್ನು ತೆರೆದಿಡುತ್ತದೆ. ಬೆಸುಗೆ ತಂತಿಯ ನಡುವೆ ಕೂದಲೆಳೆಯಷ್ಟು ಜಾಗದಲ್ಲಿ ತುಂಬಿರುವ ರಾಳ ಮಾಡುವುದೂ ಇದೇ ಕೆಲಸ, ಇನ್ನಷ್ಟು ಸೌಮ್ಯವಾಗಿ. ಪೈನ್ ಮರದ ಅಂಟಿನಿಂದ ತೆಗೆದ ರಾಳ ಅದು. ಅಂಗಡಿಯಲ್ಲಿ ಪೇಸ್ಟ್ ಎಂದು ಕೇಳುವುದೂ ಈ ಪೊರೆ ಬಿಡಿಸುವ ಮದ್ದನ್ನೇ. ಸರ್ಕ್ಯೂಟ್ ಬೋರ್ಡಿಗೆ ನವಸಾಗರ ಬಳಸಬಾರದು ಏಕೆಂದರೆ ಅದರ ಉಳಿಕೆ ತಾಮ್ರದ ಗೆರೆಗಳನ್ನು ದಿನಗಳೆದಂತೆ ಕೊರೆದು ಹಾಕುತ್ತದೆ. ಪಾತ್ರೆಯನ್ನಾದರೆ ತೊಳೆದುಬಿಡುತ್ತೇವೆ.

ಪೊರೆ ಕಳಚಿದ ತಾಮ್ರದ ಮೇಲೆ ಕರಗಿದ ತವರ ಬಿದ್ದಾಗ ಎರಡೂ ಲೋಹಗಳ ಪರಮಾಣುಗಳು ಒಂದರೊಳಗೊಂದು ಸೇರಿ ಹೊಸದೊಂದು ಸಂಯುಕ್ತವಾಗುತ್ತವೆ. ಮಿಲಿಮೀಟರಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ತೆಳುವಾದ ಪದರ ಅದು. ಬೆಸುಗೆಯ ಜೀವ ಇರುವುದು ಅಲ್ಲಿ. ಬೆಸುಗೆಯನ್ನು ಲೋಹದ ಗೋಂದು ಎಂದು ತಿಳಿದವರೇ ಹೆಚ್ಚು. ಆದರೆ ಅದು ಅಂಟಲ್ಲ, ನಂಟು. ಸೀಸಕ್ಕೆ ತಾಮ್ರದ ಜೊತೆ ಇಂಥ ನಂಟು ಬೆಳೆಯುವುದೇ ಇಲ್ಲ. ಲೆಡ್ ಎಂದು ಕೊಂಡ ತಂತಿಯಲ್ಲಿ ಬೆಸೆಯುವವನು ತವರ. ಸೀಸ ಬರೀ ಜೊತೆಗಾರ.

ಹಾಗಿದ್ದರೆ ಸೀಸ ಅಲ್ಲಿಗೆ ಬಂದದ್ದೇಕೆ? ಎರಡು ಕಾರಣ. ಒಂದು, ಅಗ್ಗ. ಇನ್ನೊಂದು ನಿಜಕ್ಕೂ ಸೋಜಿಗ. ಶುದ್ಧ ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ಗೆ, ಸೀಸ 327ಕ್ಕೆ. ಬೆರೆಸಿದರೆ ನಡುವಿನ ಯಾವುದೋ ಶಾಖಕ್ಕೆ ಕರಗಬೇಕು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ 63 ಭಾಗ ತವರ, 37 ಭಾಗ ಸೀಸ ಸೇರಿಸಿದ ಮಿಶ್ರಣ 183 ಡಿಗ್ರಿಗೇ ಕರಗುತ್ತದೆ, ಎರಡಕ್ಕಿಂತಲೂ ಕೆಳಗೆ. ಇಷ್ಟು ಕಡಿಮೆ ಶಾಖ ಸಾಕಾದ್ದರಿಂದ ಟ್ರಾನ್ಸಿಸ್ಟರಿನಂಥ ಸೂಕ್ಷ್ಮ ಬಿಡಿಭಾಗಗಳು ಸುಡದೆ ಉಳಿದವು. ಇಪ್ಪತ್ತನೇ ಶತಮಾನದ ರೇಡಿಯೋ, ದೂರವಾಣಿ, ಕಂಪ್ಯೂಟರ್ ಎಲ್ಲವೂ ಈ ಬೆರಕೆಯ ಮೇಲೆ ನಿಂತಿದ್ದವು.

ಕೈಯಲ್ಲಿ ಸೋಲ್ಡರಿಂಗ್ ಐರನ್ ಹಿಡಿದು ಕಲಿಯುವವರಿಗೆ ನಾನು ಹೇಳುವುದು ಒಂದೇ. ಕಾಯಿಸಬೇಕಾದ್ದು ತಂತಿಯನ್ನಲ್ಲ, ಬೆಸೆಯಬೇಕಾದ ಜಾಗವನ್ನು. ಹೊಸಬರು ಐರನ್ನಿನ ಬಿಟ್ಟಿನ, ಅಂದರೆ ತುದಿಯ, ಮೇಲೆ ತಂತಿ ಕರಗಿಸಿ, ಆ ಹನಿಯನ್ನು ತಣ್ಣನೆಯ ತಾಮ್ರದ ಮೇಲೆ ಒರೆಸುತ್ತಾರೆ. ರಾಳ ದಾರಿಯಲ್ಲೇ ಸುಟ್ಟುಹೋಗಿರುತ್ತದೆ, ತಾಮ್ರ ತಣ್ಣಗಿರುತ್ತದೆ, ಹನಿ ಮೇಲೆ ಕೂರುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ಸಾಬರು ಎಂದಾದರೂ ತವರವನ್ನು ಬೇರೆ ಕಡೆ ಕರಗಿಸಿ ಪಾತ್ರೆಗೆ ಸುರಿದದ್ದುಂಟೇ? ಪಾತ್ರೆ ಕಾಯಬೇಕು, ಕಾದ ಪಾತ್ರೆಯೇ ಕಡ್ಡಿಯನ್ನು ಕರಗಿಸಬೇಕು. ಇಲ್ಲೂ ಹಾಗೆಯೇ. ಬಿಟ್ಟಿನ ಚಪ್ಪಟೆ ಮಗ್ಗುಲನ್ನು ಬೋರ್ಡಿನ ತಾಮ್ರಕ್ಕೂ ಬಿಡಿಭಾಗದ ಕಾಲಿಗೂ ಒಟ್ಟಿಗೆ ತಾಗಿಸಿ, ಒಂದೆರಡು ಸೆಕೆಂಡ್ ಬಿಟ್ಟು, ಎದುರು ಬದಿಯಿಂದ ತಂತಿ ಮುಟ್ಟಿಸಿ. ಕರಗಿದ ಲೋಹ ತಾನಾಗಿ ಸುತ್ತ ಓಡುತ್ತದೆ. ತಂತಿ ಮೊದಲು ತೆಗೆಯಿರಿ, ಆಮೇಲೆ ಐರನ್. ಆರುವವರೆಗೆ ಅಲುಗಾಡಿಸಬೇಡಿ. ಸರಿಯಾದ ಬೆಸುಗೆ ಮರದ ಬುಡ ನೆಲಕ್ಕೆ ಇಳಿದಂತೆ ಸುತ್ತಲೂ ಇಳಿಜಾರಾಗಿ ಹರಡಿರುತ್ತದೆ. ಗೋಲಿಯಂತೆ ಗುಂಡಗೆ ಕೂತಿದ್ದರೆ ಅದು ಹಿಡಿದಿಲ್ಲ.

ಹಿಡಿಯದ ಬೆಸುಗೆಗೆ ರಿಪೇರಿಯವರ ಭಾಷೆಯಲ್ಲಿ ಡ್ರೈ ಸೋಲ್ಡರ್ ಎಂದು ಹೆಸರು. ನಲವತ್ತು ದಾಟಿದವರೆಲ್ಲರೂ ಅದನ್ನು ಕಂಡಿದ್ದಾರೆ, ಹೆಸರು ಗೊತ್ತಿರಲಿಲ್ಲ ಅಷ್ಟೆ. ಭಾನುವಾರ ಸಂಜೆ ಸಿನಿಮಾ ನಡುವೆ ಟಿವಿಯಲ್ಲಿ ಚಿತ್ರ ಹೋಗುತ್ತಿತ್ತು. ಮನೆಯ ಹಿರಿಯರು ಎದ್ದು ಅದರ ತಲೆಗೊಂದು ಏಟು ಕೊಡುತ್ತಿದ್ದರು. ಚಿತ್ರ ಬರುತ್ತಿತ್ತು. ಒಳಗಿನ ಬಿಸಿಗೆ ದಿನವೂ ಹಿಗ್ಗಿ ಕುಗ್ಗಿ, ಯಾವುದೋ ಒಂದು ಬೆಸುಗೆಯ ಸುತ್ತ ಕಣ್ಣಿಗೆ ಕಾಣದ ಬಿರುಕು ಬಿಟ್ಟಿರುತ್ತಿತ್ತು. ಏಟಿಗೆ ಎರಡು ತುದಿ ಮತ್ತೆ ಮುಟ್ಟುತ್ತಿದ್ದವು. ಅಂಥ ಟಿವಿಯನ್ನು ಬಿಚ್ಚಿ ಆ ಒಂದು ಚುಕ್ಕಿಗೆ ಹೊಸ ಬೆಸುಗೆ ಹಾಕಿದರೆ ಇನ್ನೂ ಹತ್ತು ವರ್ಷ ಓಡುತ್ತಿತ್ತು. ಇಂದಿಗೂ ಗುಜರಿಗೆ ಹೋಗುವ ಎಷ್ಟೋ ಮಿಕ್ಸಿ, ಇನ್ವರ್ಟರ್, ಎಲ್ಇಡಿ ಬಲ್ಬುಗಳ ರೋಗ ಇಷ್ಟೇ ಇರುತ್ತದೆ. ಎಸೆಯುವ ಮೊದಲು ಬೆಸುಗೆ ಬಲ್ಲವರಿಗೆ ಒಮ್ಮೆ ತೋರಿಸಿ.

ಜಗತ್ತಿನಲ್ಲಿ ಪ್ರತಿವರ್ಷ ಬಳಕೆಯಾಗುವ ತವರದಲ್ಲಿ ಸುಮಾರು ಅರ್ಧ ಬೆಸುಗೆಗೇ ಹೋಗುತ್ತದೆ. ಉಳಿದ ಅರ್ಧದ ಕಥೆಯಲ್ಲಿ ಹೆಸರುಗಳ ಗೊಂದಲ ಇನ್ನೂ ಹೆಚ್ಚು. ಟಿನ್ ಶೀಟಿನ ಮನೆ ಎನ್ನುತ್ತೇವೆ. ಆ ತಗಡಿನಲ್ಲಿ ಟಿನ್, ಅಂದರೆ ತವರ, ಇಲ್ಲವೇ ಇಲ್ಲ. ಅದು ಸತುವಿನ ಲೇಪ ಕೊಟ್ಟ ಉಕ್ಕು. ಎಣ್ಣೆ ಡಬ್ಬದಲ್ಲಿ ತವರ ಇದೆ, ಆದರೆ ಎಷ್ಟು? ಉಕ್ಕಿನ ತಗಡಿನ ಮೇಲೆ ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗಕ್ಕಿಂತಲೂ ತೆಳುವಾದ ಒಂದು ಪದರ. ನಮ್ಮಲ್ಲಿ ಈ ತಗಡು ತಯಾರಿಸಲು 1920ರಲ್ಲಿ ಹುಟ್ಟಿದ ಟಿನ್‌ಪ್ಲೇಟ್ ಕಂಪನಿ ಜಮ್ಶೆಡ್‌ಪುರದ ಗೋಲ್ಮುರಿಯಲ್ಲಿತ್ತು. ಈಚೆಗೆ ಅದು ಟಾಟಾ ಸ್ಟೀಲ್‌ನೊಳಗೆ ಸೇರಿತು.

ಸತು ಬಳಿದ ತಗಡಿಗೆ ಗೀರು ಬಿದ್ದರೂ ಬೇಗ ತುಕ್ಕು ಹಿಡಿಯುವುದಿಲ್ಲ. ತವರ ಬಳಿದ ಡಬ್ಬದ ಹೊರಮೈಗೆ ಗೀರು ಬಿದ್ದರೆ ಅಲ್ಲಿಂದಲೇ ತುಕ್ಕು ನುಗ್ಗುತ್ತದೆ. ಸತು ಕಬ್ಬಿಣಕ್ಕಿಂತ ಮೊದಲು ತಾನು ಸವೆಯಲು ಮುಂದಾಗುತ್ತದೆ, ಹಾಗಾಗಿ ಕಬ್ಬಿಣ ಉಳಿಯುತ್ತದೆ. ತವರದ ಸ್ವಭಾವ ಹಾಗಲ್ಲ. ಅದು ಮುಚ್ಚಿದಷ್ಟು ಹೊತ್ತು ಕಾಯುತ್ತದೆ, ಹೊದಿಕೆ ಹರಿದರೆ ಕಬ್ಬಿಣವೇ ಮೊದಲು ಸವೆಯುತ್ತದೆ. ಆದರೆ ಮುಚ್ಚಿದ ಡಬ್ಬದೊಳಗೆ, ಗಾಳಿಯಿಲ್ಲದೆ, ಅನಾನಸ್ ತುಂಡುಗಳ ಹುಳಿರಸದಲ್ಲಿ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಅಲ್ಲಿ ತವರ ನಿಧಾನವಾಗಿ ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಡಬ್ಬ ತೆರೆದ ಕೂಡಲೇ ಗಾಳಿ ಹೊಕ್ಕು ಕರಗುವ ವೇಗ ಹೆಚ್ಚುತ್ತದೆ. ಅದಕ್ಕೇ ತೆರೆದ ಡಬ್ಬದ ಹಣ್ಣನ್ನು ಅದರಲ್ಲೇ ಬಿಟ್ಟು ಫ್ರಿಜ್ಜಿಗೆ ತಳ್ಳಬಾರದು. ಗಾಜಿನ ಅಥವಾ ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಳ್ಳಿ.

ಈ ಡಬ್ಬದ ಹುಟ್ಟಿನಲ್ಲೂ ಸೀಸ ಹಿಂಬಾಲಿಸಿತ್ತು. 1810ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಡ್ಯುರಾಂಡ್ ತವರ ಲೇಪದ ಡಬ್ಬದಲ್ಲಿ ಆಹಾರ ಕಾಪಿಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಮೂರೇ ವರ್ಷದಲ್ಲಿ ಲಂಡನ್ನಿನಲ್ಲಿ ಕಾರ್ಖಾನೆ ಶುರುವಾಯಿತು. ಡಬ್ಬದ ಒಳಮೈಗೆ ತವರ ಸರಿ, ಆದರೆ ಅದರ ಹೊಲಿಗೆ ಮುಚ್ಚಲು ಬಳಸಿದ್ದು ಸೀಸ ತುಂಬಿದ ಬೆಸುಗೆ. 1845ರಲ್ಲಿ ಉತ್ತರ ಧ್ರುವ ಪ್ರದೇಶಕ್ಕೆ ಹೊರಟ ಅನ್ವೇಷಕ ಜಾನ್ ಫ್ರಾಂಕ್ಲಿನ್‌ನ ಎರಡು ಹಡಗುಗಳು ಇಂಥ ಡಬ್ಬಗಳನ್ನೇ ಹೇರಿಕೊಂಡಿದ್ದವು. 129 ಜನರಲ್ಲಿ ಒಬ್ಬರೂ ಹಿಂದಿರುಗಲಿಲ್ಲ. ನೂರಮೂವತ್ತಕ್ಕೂ ಹೆಚ್ಚು ವರ್ಷಗಳ ನಂತರ ಮಂಜಿನಲ್ಲಿ ಕೆಡದೆ ಉಳಿದಿದ್ದ ಶವಗಳನ್ನು ಪರೀಕ್ಷಿಸಿದಾಗ ಸೀಸದ ಪ್ರಮಾಣ ವಿಪರೀತವಾಗಿತ್ತು. ಅವರ ಸಾವಿಗೆ ಅದೇ ಕಾರಣವೇ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಸೀಸ ಮೈಯಲ್ಲಿತ್ತು ಎಂಬುದರಲ್ಲಿ ಅನುಮಾನವಿಲ್ಲ.

ನಮ್ಮ ಕಿಟಕಿಯ ಗಾಜೂ ತವರದ ಮೇಲೆ ಮಲಗಿ ಬಂದದ್ದು. ಅಲಸ್ಟೇರ್ ಪಿಲ್ಕಿಂಗ್ಟನ್ 1959ರಲ್ಲಿ ಜಗತ್ತಿಗೆ ತಿಳಿಸಿದ ವಿಧಾನದಲ್ಲಿ ಕರಗಿದ ಗಾಜನ್ನು ಕರಗಿದ ತವರದ ಕೊಳದ ಮೇಲೆ ಹರಿಯಬಿಡುತ್ತಾರೆ. ನೀರಿನ ಮೇಲೆ ಎಣ್ಣೆ ತೇಲಿದಂತೆ ಗಾಜು ತೇಲಿ, ಎರಡೂ ಮುಖ ಸಪಾಟಾಗಿ, ಒಂದಿಷ್ಟೂ ಉಜ್ಜದೆ ಕನ್ನಡಿಯಂತೆ ಹೊರಬರುತ್ತದೆ. ತವರವೇ ಏಕೆ ಎಂದರೆ, 232 ಡಿಗ್ರಿಗೆ ಕರಗುವ ಅದು ಕುದಿಯುವುದು ಸುಮಾರು 2,600 ಡಿಗ್ರಿಗೆ. ಗಾಜಿನ ಬಿಸಿಗೆಲ್ಲ ಅದು ದ್ರವವಾಗಿಯೇ ಇರುತ್ತದೆ, ಆವಿಯಾಗುವುದಿಲ್ಲ. ಕೈಯಲ್ಲಿರುವ ಮೊಬೈಲಿನ ಮುಟ್ಟುಪರದೆಯಲ್ಲೂ ಇಂಡಿಯಂ ಮತ್ತು ತವರದ ಆಕ್ಸೈಡಿನ ಪಾರದರ್ಶಕ ಪದರವಿದೆ.

ಕಂಚಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ತಾಮ್ರ ಮೆತ್ತಗೆ, ತವರ ಇನ್ನೂ ಮೆತ್ತಗೆ. ತಾಮ್ರದ ತಟ್ಟೆ ಬಡಿದರೆ ಡಬ್ಬ್ ಎನ್ನುತ್ತದೆ. ಆದರೆ ನೂರರಲ್ಲಿ ಇಪ್ಪತ್ತರಿಂದ ಇಪ್ಪತ್ತೆರಡು ಪಾಲು ತವರ ಬೆರೆತಾಗ ಹುಟ್ಟುವ ಲೋಹ ಗಡುಸಾಗಿ, ಬಡಿದ ಮೇಲೂ ಬಹುಹೊತ್ತು ಕಂಪಿಸುತ್ತಲೇ ಇರುತ್ತದೆ. ದೇವಸ್ಥಾನದ ಗಂಟೆ, ಜಾಗಟೆ, ಭಜನೆಯ ತಾಳ ಎಲ್ಲ ಇದರದ್ದೇ ಕುಲ. ಒಳ್ಳೆಯ ಹಾಡುಗಾರರದ್ದು ಕಂಚಿನ ಕಂಠ ಎನ್ನುತ್ತೇವಲ್ಲ, ಆ ಕಂಠದೊಳಗಿನ ನಾದ ತವರ ಕೊಟ್ಟದ್ದು. ಮೂರು ಸಾವಿರದ ಮುನ್ನೂರು ವರ್ಷಗಳ ಹಿಂದೆ ಈಗಿನ ಟರ್ಕಿಯ ಕರಾವಳಿಯಲ್ಲಿ, ಉಲುಬುರುನ್ ಎಂಬಲ್ಲಿ ಮುಳುಗಿದ ಹಡಗೊಂದರಲ್ಲಿ ಸುಮಾರು ಹತ್ತು ಟನ್ ತಾಮ್ರವೂ ಒಂದು ಟನ್ ತವರವೂ ಸಿಕ್ಕವು. ಕಂಚು ಎರಕ ಹೊಯ್ಯಲು ಬೇಕಾದ ಹತ್ತಕ್ಕೊಂದರ ಲೆಕ್ಕದಲ್ಲೇ ಹಡಗು ತುಂಬಿತ್ತು.

ತವರ ಎಲ್ಲೆಂದರಲ್ಲಿ ಸಿಗುವ ಲೋಹವಲ್ಲ. ಇಂಡೋನೇಷ್ಯಾದ ಬಾಂಕಾ, ಬೆಲಿತುಂಗ್ ದ್ವೀಪಗಳು, ಚೀನಾ, ಮ್ಯಾನ್ಮಾರ್, ಪೆರು, ಬೊಲಿವಿಯಾ ಹೀಗೆ ಕೆಲವೇ ಕಡೆ. ಕೌಲಾಲಂಪುರ ನಗರವೇ 1857ರಲ್ಲಿ ತವರದ ಗಣಿಗಾರರ ಬಿಡಾರವಾಗಿ ಶುರುವಾದದ್ದು. ಕಲಾಯಿ ಎಂಬ ನಮ್ಮ ಪದವೂ ಆ ಕಡೆಯಿಂದ ಬಂದದ್ದು ಎನ್ನುತ್ತಾರೆ ಬಲ್ಲವರು. ಮಲಯ ಕರಾವಳಿಯ ಕಲಾಹ್ ಎಂಬ ರೇವಿನಿಂದ ಬರುತ್ತಿದ್ದ ತವರವನ್ನು ಅರಬರು ಖಲಾಯಿ ಎಂದರು, ಅದೇ ಪಾರಸಿ, ಉರ್ದು ದಾಟಿ ನಮ್ಮ ಅಡುಗೆಮನೆಗೆ ಬಂತು. ಭಾರತದಲ್ಲಿ ತವರದ ಅದಿರು ತೆಗೆಯುವುದು ಛತ್ತೀಸಗಢದ ಬಸ್ತರ್ ಸೀಮೆಯಲ್ಲಿ. ದಾಂತೇವಾಡದ ಆದಿವಾಸಿಗಳು ಹಳ್ಳದ ಮರಳನ್ನು ಮರಿಗೆಯಲ್ಲಿ ಜಾಲಿಸಿ ಕರಿ ಕಾಳುಗಳನ್ನು ಆರಿಸುತ್ತಾರೆ. ದೇಶದ ಅಗತ್ಯಕ್ಕೆ ಅದು ಏನೇನೂ ಸಾಲದು. ಹೆಚ್ಚಿನದು ಹೊರಗಿನಿಂದ ಬರುತ್ತದೆ, ದುಬಾರಿಯಾಗಿಯೇ ಬರುತ್ತದೆ.

ದುಬಾರಿ ಎಂಬಲ್ಲಿಗೆ ಮತ್ತೆ ಸೀಸದ ಮಾತು. ಈ ಎರಡನ್ನು ಒಂದೇ ಹೆಸರಿನಿಂದ ಕರೆದು ಕೆಟ್ಟವರು ನಾವು ಮಾತ್ರವಲ್ಲ. ರೋಮನ್ನರಿಗೆ ತವರ ಬಿಳಿ ಸೀಸ, ಸೀಸ ಕರಿ ಸೀಸ. ತಮಿಳಿನಲ್ಲಿ ತವರ ವೆಳ್ಳೀಯಂ, ಸೀಸ ಕಾರೀಯಂ, ಎರಡರಲ್ಲೂ ಈಯವಿದೆ. ತಮಿಳಿನ ನಂಟಿರುವ ಹಳೇ ಮೈಸೂರಿನ ಮನೆಗಳಲ್ಲಿ ತಿಳಿಸಾರು ಕಾಸಲು ಬಳಸುವ ಈಯದ ಚೊಂಬಿನ ಹೆಸರು ಬಂದದ್ದು ಹಾಗೆ. ಆ ಚೊಂಬು ಶುದ್ಧ ತವರದ್ದಾಗಿರಬೇಕು. ಅದರಲ್ಲಿ ಕಾಸಿದ ಸಾರಿನ ರುಚಿಯೇ ಬೇರೆ ಎಂದು ಹೇಳುವವರನ್ನು ನಾನು ಅಲ್ಲಗಳೆಯಲಾರೆ. ಸಾರು ಇರುವವರೆಗೆ ಚೊಂಬು ಕರಗುವುದಿಲ್ಲ, ಏಕೆಂದರೆ ನೀರು ನೂರು ಡಿಗ್ರಿ ದಾಟದು, ಚೊಂಬಿನ ಬಿಸಿಯನ್ನೂ ಅದರ ಆಸುಪಾಸಿನಲ್ಲೇ ಹಿಡಿದಿಡುತ್ತದೆ. ಬರಿದಾದ ಚೊಂಬನ್ನು ಒಲೆಯ ಮೇಲೆ ಮರೆತರೆ, ಇಲ್ಲವೇ ಅದರಲ್ಲೇ ಒಗ್ಗರಣೆ ಹಾಕಲು ಹೋದರೆ, ಕೆಲವೇ ನಿಮಿಷದಲ್ಲಿ ತಳ ಕರಗಿ ಒಲೆಗೆ ಇಳಿಯುತ್ತದೆ. ಕಲಾಯಿ ಪಾತ್ರೆಗೂ ಇದೇ ಪಥ್ಯ. ಬರಿದಾಗಿ ಕಾಯಿಸಬಾರದು, ಸ್ಟೀಲಿನ ನಾರಿನಿಂದ ಉಜ್ಜಬಾರದು.

ಕನ್ನಡದಲ್ಲಿ ಮಾತ್ರ ತವರ ತವರವೇ, ಸೀಸ ಸೀಸವೇ. ಎರಡು ಬೇರೆ ಬೇರೆ ಪದಗಳು, ಗೊಂದಲಕ್ಕೆ ಎಡೆಯೇ ಇಲ್ಲ. ಇಂಥ ಸ್ಪಷ್ಟ ಪದಗಳನ್ನು ಇಟ್ಟುಕೊಂಡು ನಾವು ಲೆಡ್ ಎಂದು ಕೇಳುತ್ತಿದ್ದೇವೆ.

ಸೀಸದ ಅಪಾಯವನ್ನು ಈ ದೇಶಕ್ಕೆ ಮನದಟ್ಟು ಮಾಡಿಸಿದ ಕೆಲಸದಲ್ಲಿ ಬೆಂಗಳೂರಿನ ಪಾಲು ದೊಡ್ಡದು. ತೊಂಬತ್ತರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಏಳು ನಗರಗಳಲ್ಲಿ ಸಾವಿರಾರು ಮಕ್ಕಳ ರಕ್ತ ಪರೀಕ್ಷೆ ಮಾಡಿಸಿತು. ಸುಮಾರು ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಮಿತಿಯಾದ ಡೆಸಿಲೀಟರಿಗೆ 10 ಮೈಕ್ರೋಗ್ರಾಂಗಿಂತ ಹೆಚ್ಚಿತ್ತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯಕ್ಕೇ ತಮ್ಮ ಬದುಕನ್ನು ಮುಡಿಪಿಟ್ಟರು. ಅಲ್ಲಿ ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ಕೇಂದ್ರವೊಂದು ಬಂತು. ಆಗ ದೊಡ್ಡ ಅಪರಾಧಿ ಪೆಟ್ರೋಲಿನಲ್ಲಿದ್ದ ಸೀಸ. 2000ದಲ್ಲಿ ಅದು ನಿಂತಿತು. ಬಣ್ಣ, ಬ್ಯಾಟರಿ ಗುಜರಿ, ಪಾತ್ರೆ, ಬೆಸುಗೆ ಇವೆಲ್ಲ ಉಳಿದವು. ಮಗುವಿನ ಮೈಗೆ ಇಷ್ಟು ಸೀಸ ಪರವಾಗಿಲ್ಲ ಎನ್ನುವ ಮಿತಿಯೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದೆ.

ಯುರೋಪು 2006ರ ಜುಲೈ 1ರಿಂದ ಎಲೆಕ್ಟ್ರಾನಿಕ್ ಸಾಮಾನುಗಳಲ್ಲಿ ಸೀಸಕ್ಕೆ ತಡೆ ಹಾಕಿತು. ನಮ್ಮಲ್ಲಿ 2011ರ ಇ-ತ್ಯಾಜ್ಯ ನಿಯಮಗಳು ಶೇಕಡಾ 0.1ರ ಮಿತಿ ತಂದವು. ಹಾಗಾಗಿ ಇಂದಿನ ಫೋನಿನೊಳಗಿನ ಬೆಸುಗೆ ಬಹುಮಟ್ಟಿಗೆ ತವರವೇ. ನೂರರಲ್ಲಿ 96.5 ಪಾಲು ತವರ, 3 ಪಾಲು ಬೆಳ್ಳಿ, ಅರ್ಧ ಪಾಲು ತಾಮ್ರದ ಮಿಶ್ರಣ ಎಲ್ಲೆಡೆ ಬಳಕೆಯಲ್ಲಿದೆ. ಅದು ಕರಗಲು 217 ಡಿಗ್ರಿಗಿಂತ ಹೆಚ್ಚು ಬೇಕು, ಕೈ ಪಳಗುವವರೆಗೆ ಸ್ವಲ್ಪ ಕಷ್ಟ. ಕಾರ್ಖಾನೆ ಬದಲಾಯಿತು. ನಮ್ಮ ಬೀದಿಯ ರಿಪೇರಿ ಮೇಜು ಮಾತ್ರ ಬದಲಾಗಿಲ್ಲ.

ಆ ಮೇಜಿನಲ್ಲಿ ಏಳುವ ಹೊಗೆಯನ್ನು ಸೀಸದ ಹೊಗೆ ಎಂದು ಹೆದರುವವರಿದ್ದಾರೆ. ಅದು ರಾಳದ ಹೊಗೆ. ಬೆಸುಗೆಯ ಬಿಸಿಗೆ ಸೀಸ ಆವಿಯಾಗುವುದು ಇಲ್ಲವೆನ್ನುವಷ್ಟು ಕಡಿಮೆ. ರಾಳದ ಹೊಗೆಯೂ ಒಳ್ಳೆಯದಲ್ಲ, ದಿನವೂ ಕುಡಿದರೆ ಉಬ್ಬಸ ತರುತ್ತದೆ, ಒಂದು ಸಣ್ಣ ಫ್ಯಾನು ಇಟ್ಟುಕೊಳ್ಳಲೇಬೇಕು. ಸೀಸ ಒಳಗೆ ಹೋಗುವ ದಾರಿ ಮೂಗಲ್ಲ, ಬೆರಳು ಮತ್ತು ಬಾಯಿ. ಎರಡೂ ಕೈ ಕೆಲಸದಲ್ಲಿದ್ದಾಗ ತಂತಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುವ ಹುಡುಗರನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ನೋಡಿದಾಗಲೆಲ್ಲ ಹೊಟ್ಟೆ ಕಲಸುತ್ತದೆ. ಅದೇ ಮೇಜಿನ ಮೇಲೆ ಇಡ್ಲಿ ಪೊಟ್ಟಣ ಬಿಚ್ಚುತ್ತಾರೆ, ಅದೇ ಕೈಯಲ್ಲಿ ಟೀ ಲೋಟ ಹಿಡಿಯುತ್ತಾರೆ. ಸಂಜೆ ಮನೆಗೆ ಹೋಗಿ ಅದೇ ಅಂಗಿಯಲ್ಲಿ ಕೂಸನ್ನು ಎತ್ತಿಕೊಳ್ಳುತ್ತಾರೆ. ಸೋಪು ಹಾಕಿ ಕೈ ತೊಳೆಯುವುದು, ಮೇಜಿನಲ್ಲಿ ತಿನ್ನದಿರುವುದು, ಅಂಗಿ ಬದಲಿಸುವುದು: ಇದಕ್ಕೆ ದುಡ್ಡು ಬೇಡ.

ಪಾತ್ರೆಯ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ತೂತು ಬಿದ್ದ ತಾಮ್ರದ ಬಿಂದಿಗೆಗೆ ಲೆಡ್ ತಂತಿಯಿಂದ ಬೆಸುಗೆ ಹಾಕಿಸಿದರೆ ಅದು ಬಚ್ಚಲಿಗೆ ಸರಿ, ಕುಡಿಯುವ ನೀರಿಗೆ ಬೇಡವೇ ಬೇಡ. ಹಿತ್ತಾಳೆ, ತಾಮ್ರದ ಪಾತ್ರೆಗಳು ಈಗ ಮತ್ತೆ ಅಡುಗೆಮನೆಗೆ ಬರುತ್ತಿವೆ, ಸಂತೋಷದ ವಿಷಯ. ಆದರೆ ಹೊಳೆಯುವ ಕಲಾಯಿಯಲ್ಲಿ ಏನು ಬೆರೆತಿದೆ ಎಂದು ಕೇಳುವವರು ಕಡಿಮೆ. ನಾನು ನಗರದ ಒಂದು ಅಂಗಡಿಯಲ್ಲಿ ಕೊಂಡ ಕಲಾಯಿ ಬೋಗುಣಿಯನ್ನು ಬಿಳಿ ಕಾಗದಕ್ಕೆ ಉಜ್ಜಿ ನೋಡಿದಾಗ ಪೆನ್ಸಿಲಿನಂತೆ ಬೂದು ಗೆರೆ ಬಿತ್ತು. ಶುದ್ಧ ತವರ ಹಾಗೆ ಗೆರೆ ಎಳೆಯುವುದಿಲ್ಲ, ಸೀಸ ಎಳೆಯುತ್ತದೆ. ಆ ಬೋಗುಣಿ ಈಗ ಅಂಗಳದಲ್ಲಿ ಹೂಕುಂಡದ ಕೆಳಗಿದೆ. ಈ ಪರೀಕ್ಷೆಗೆ ಸಿಗುವುದು ದೊಡ್ಡ ಕಲಬೆರಕೆ ಮಾತ್ರ, ಸಣ್ಣದಕ್ಕೆ ಪ್ರಯೋಗಾಲಯವೇ ಬೇಕು ಎಂಬುದೂ ನೆನಪಿರಲಿ.

ಕಲಾಯಿ ಹಾಕಿಸುವಾಗ ತವರವನ್ನು ನೀವೇ ನಂಬಿಕೆಯ ಕಡೆಯಿಂದ ಕೊಂಡು ಕೊಡಿ, ಎದುರಿಗೇ ಹಾಕಿಸಿ. ಹಾಕುವವರ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ, ಚೌಕಾಸಿಯೇ ಅವರನ್ನು ಸೀಸದ ಕಡೆ ದೂಡುತ್ತದೆ. ಬೆಸುಗೆ ತಂತಿ ಕೊಳ್ಳುವಾಗ ಚೀಟಿ ಓದಿ. ಎಸ್ಎನ್ ಎಂದರೆ ತವರ, ಪಿಬಿ ಎಂದರೆ ಸೀಸ. ಮಕ್ಕಳ ಕೈಗೆ, ಶಾಲೆಯ ಪ್ರಯೋಗಕ್ಕೆ ಪಿಬಿ ಇಲ್ಲದ ತಂತಿಯನ್ನೇ ಕೇಳಿ ತನ್ನಿ. ಬೆಲೆ ಹೆಚ್ಚು, ಆದರೆ ಸಿಗುತ್ತದೆ. ಮತ್ತೆ ಎಲ್ಲಾದರೂ ಕಲಾಯಿಯವರು ಕಂಡರೆ ಪಾತ್ರೆ ಕೆಳಗಿಡುವ ಮೊದಲು ಕಡ್ಡಿ ಬಗ್ಗಿಸಿ ತೋರಿಸಲು ಹೇಳಿ. ಕಿವಿಯನ್ನು ಹತ್ತಿರ ಒಯ್ಯಿರಿ. ಸದ್ದು ಬಾರದಿದ್ದರೆ ಪಾತ್ರೆ ಎತ್ತಿಕೊಂಡು ಮನೆಗೆ ಬನ್ನಿ.